ಸರ್ವೆ ಓದಲು ವಿದೇಶಕ್ಕೆ: ಕೋಲಾರದಲ್ಲಿ ಕೂತು ಹಾಕಿದ ಒಂದು ಲೆಕ್ಕ

ಕಳೆದ ತಿಂಗಳು ನಮ್ಮ ಅಕ್ಕನ ಮಗ ಬಂಗಾರಪೇಟೆಯಿಂದ ಮನೆಗೆ ಬಂದಿದ್ದ. ಸಿವಿಲ್ ಮುಗಿಸಿ ಮೂರು ವರ್ಷ ಆಯಿತು. ಹೆದ್ದಾರಿ ಗುತ್ತಿಗೆದಾರರೊಬ್ಬರ ಹತ್ತಿರ ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಹಿಡಿದು ಬಿಸಿಲಲ್ಲಿ ಕೆಲಸ ಮಾಡುತ್ತಾನೆ. ವಿದೇಶದಲ್ಲಿ ಸರ್ವೆಯಲ್ಲೇ ಎಂಎಸ್ಸಿ ಮಾಡಬೇಕು ಅಂತ ಅವನ ಆಸೆ. ಕೈಯಲ್ಲಿ ಎರಡು ಪ್ರವೇಶ ಪತ್ರ ಇದ್ದವು. ಒಂದು ಬ್ರಿಟನ್ನಿನದು, ಇನ್ನೊಂದು ಜರ್ಮನಿಯದು.

"ಮಾವ, ಬ್ರಿಟನ್ನಿನದು ಒಂದೇ ವರ್ಷ. ಬೇಗ ಮುಗಿಯುತ್ತೆ. ಅದಕ್ಕೇ ಹೋಗಲಾ?" ಅಂದ.

"ಏನೇನು ಓದಬೇಕು ಅಂತ ಇದೆ, ತೋರಿಸು" ಅಂದೆ.

ಫೋನಿನಲ್ಲಿ ತೆಗೆದು ತೋರಿಸಿದ. ಕಟ್ಟಡದ ಬೆಲೆ ಕಟ್ಟುವುದು, ಗುತ್ತಿಗೆ ಕಾನೂನು, ಖರ್ಚಿನ ಲೆಕ್ಕ, ಆಸ್ತಿ ಮೇಲಿನ ಹೂಡಿಕೆ. ಉಪಗ್ರಹದ ಮಾತಿಲ್ಲ, ನಕ್ಷೆಯ ಮಾತಿಲ್ಲ, ಕೋನ ದೂರ ಎತ್ತರ ಯಾವುದೂ ಇಲ್ಲ. ಕೋರ್ಸಿನ ಹೆಸರಲ್ಲಿ ಸರ್ವೇಯಿಂಗ್ ಅಂತ ದೊಡ್ಡದಾಗಿ ಇತ್ತು. ಆದರೆ ಅದು ನೆಲ ಅಳೆಯುವ ಕೋರ್ಸೇ ಅಲ್ಲ. ಮುಂಗಡ ಹಣ ಕಟ್ಟಲು ಇನ್ನು ಹತ್ತು ದಿನ ಮಾತ್ರ ಉಳಿದಿತ್ತು.

ಬ್ರಿಟನ್ನಿನಲ್ಲಿ ಸರ್ವೇಯರ್ ಅನ್ನುವ ಮಾತು ಬಹಳ ಜನರಿಗೆ ಸೇರಿದ್ದು. ಕಟ್ಟಡಕ್ಕೆ ಎಷ್ಟು ಸಾಮಾನು, ಎಷ್ಟು ಹಣ ಅಂತ ಲೆಕ್ಕ ಹಾಕುವವರು ಕ್ವಾಂಟಿಟಿ ಸರ್ವೇಯರ್. ಹಳೆ ಮನೆಯ ಬಿರುಕು, ತೇವ ನೋಡಿ ವರದಿ ಕೊಡುವವರು ಬಿಲ್ಡಿಂಗ್ ಸರ್ವೇಯರ್. ಆಸ್ತಿಗೆ ಬೆಲೆ ಕಟ್ಟುವವರೂ ಸರ್ವೇಯರೇ. ಆರ್‌ಐಸಿಎಸ್ ಅನ್ನುವ ಒಂದೇ ಸಂಸ್ಥೆ ಇವರೆಲ್ಲರಿಗೂ ಸದಸ್ಯತ್ವ ಕೊಡುತ್ತದೆ. ನಾವು ಇಲ್ಲಿ ಸರ್ವೆ ಅನ್ನುವ ಕೆಲಸ ಅಲ್ಲಿ ಲ್ಯಾಂಡ್ ಸರ್ವೇಯಿಂಗ್, ಜಿಯೊಮ್ಯಾಟಿಕ್ಸ್, ಜಿಯೊಸ್ಪೇಶಿಯಲ್ ಅನ್ನುವ ಹೆಸರುಗಳ ಕೆಳಗೆ ಇರುತ್ತದೆ. ಗ್ಲಾಸ್ಗೊ ವಿಶ್ವವಿದ್ಯಾಲಯದಂಥ ಕಡೆ ಅದನ್ನೂ ಕಲಿಸುತ್ತಾರೆ. ಹಾಗಾಗಿ ಕೋರ್ಸಿನ ಹೆಸರು ನೋಡಿ ಮಾರುಹೋಗಬೇಡಿ. ಒಳಗಿನ ವಿಷಯಗಳ ಪಟ್ಟಿ ಓದಿ. ಅದನ್ನು ಓದಲು ಅರ್ಧ ಗಂಟೆ ಸಾಕು. ಅದನ್ನು ಓದದೆ ಇಪ್ಪತ್ತು ಮೂವತ್ತು ಲಕ್ಷಕ್ಕೆ ಕೈ ಹಾಕುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ನಾನೂ ಇದೇ ಕೆಲಸದವನು. ಚೈನು ಎಳೆದು ಕಲಿತವನು, ಈಗ ಉಪಗ್ರಹದ ನೆರವಿನಿಂದ ಜಾಗ ಗುರುತಿಸುವ ರೋವರ್ ಯಂತ್ರ ಹಿಡಿದು ಓಡಾಡುತ್ತೇನೆ. ಈ ವರ್ಷ ಇದೇ ಪ್ರಶ್ನೆ ತಂದವರಲ್ಲಿ ಇವನು ನಾಲ್ಕನೆಯವನು. ಮುಳಬಾಗಿಲಿನ ಒಬ್ಬ ಹುಡುಗಿ ಆಸ್ಟ್ರೇಲಿಯಾ ಅಂದಳು. ಶ್ರೀನಿವಾಸಪುರದ ಇಬ್ಬರು ಕೆನಡಾ ಅಂದರು. ಈ ಆಸೆ ಎಲ್ಲಿಂದ ಬಂತು ಅಂತ ನಮ್ಮ ಜಿಲ್ಲೆ ಸುತ್ತಿದರೆ ಗೊತ್ತಾಗುತ್ತದೆ. ಬೆಂಗಳೂರು ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು, ಬಂಗಾರಪೇಟೆ, ಬೇತಮಂಗಲ ದಾಟಿ ಹೋಗಿದೆ. ನರಸಾಪುರ, ವೇಮಗಲ್, ಮಾಲೂರಿನಲ್ಲಿ ಕಾರ್ಖಾನೆಗಳು ಬಂದಿವೆ. ಭೂಸ್ವಾಧೀನ, ಲೇಔಟು, ಹೊಲದ ಗಡಿ ಗುರುತಿಸುವ ಹದ್ದುಬಸ್ತು, ಎಲ್ಲದಕ್ಕೂ ಅಳೆಯುವವರು ಬೇಕು. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿ ಮನೆಗಳನ್ನು ಡ್ರೋನ್ ಹಾರಿಸಿ ಅಳೆದರು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ನಿಯಮ ಸಡಿಲ ಮಾಡಿತು. ಅದುವರೆಗೆ ಖಾಸಗಿಯವರು ನಕ್ಷೆ ಮಾಡಲು ಹತ್ತಾರು ಅನುಮತಿಗೆ ಅಲೆಯಬೇಕಿತ್ತು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಜಿಯೊಸ್ಪೇಶಿಯಲ್ ನೀತಿ ಬಂತು. ನಮ್ಮ ಮಕ್ಕಳ ಕೈಗೆ ಇಪ್ಪತ್ತೆರಡನೇ ವಯಸ್ಸಿಗೇ ಡ್ರೋನು, ರೋವರು ಸಿಕ್ಕಿವೆ. ಇದನ್ನೇ ಇನ್ನಷ್ಟು ಚೆನ್ನಾಗಿ ಕಲಿಯೋಣ ಅನ್ನಿಸುವುದು ಸಹಜ, ಅಲ್ವಾ?

ನನ್ನ ಉತ್ತರ ಇಷ್ಟೇ. ಹೋಗಿ. ಆದರೆ ಯಾವುದನ್ನು ಕಲಿಯಲು ಹೋಗುತ್ತಿದ್ದೀರಿ ಅಂತ ಗೊತ್ತಿರಲಿ. ಸರ್ವೆ ಅನ್ನುವ ಒಂದೇ ಹೆಸರಿನಲ್ಲಿ ಎರಡು ವಿದ್ಯೆ ಕೂಡಿಕೊಂಡಿವೆ. ಒಂದು, ನೆಲವನ್ನು ಅಳೆಯುವುದು. ಇನ್ನೊಂದು, ಅಳೆದ ಗೆರೆ ಯಾರ ಗಡಿ ಅಂತ ನಿಶ್ಚಯ ಮಾಡುವುದು. ಮೊದಲನೆಯದು ಗಣಿತ. ಕಲಿತರೆ ಯಾವ ದೇಶಕ್ಕೆ ಹೋದರೂ ಜೊತೆಗೆ ಬರುತ್ತದೆ. ಎರಡನೆಯದು ಕಾನೂನು. ಅದು ಆಯಾ ದೇಶದ, ಎಷ್ಟೋ ಕಡೆ ಆಯಾ ರಾಜ್ಯದ ಸೊತ್ತು. ಅಲ್ಲಿ ಕಲಿತದ್ದು ಇಲ್ಲಿ ನಡೆಯಲ್ಲ, ಇಲ್ಲಿಯದು ಅಲ್ಲಿ ನಡೆಯಲ್ಲ. ಸಾಲ ಮಾಡುವ ಮುಂಚೆ ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು.

ಮಾಲೂರಿಗೂ ಕೋಲಾರಕ್ಕೂ ನಡುವಿನ ಗೆರೆ

ಗಣಿತದ ಸರ್ವೆ ಯಾಕೆ ಬೇಕು ಅನ್ನುವುದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆ ಪಾಠ ಸಿಗಲ್ಲ.

ಭೂಮಿ ಗುಂಡಗಿದೆ, ನಕ್ಷೆ ಚಪ್ಪಟೆ. ಕಿತ್ತಳೆ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿದರೆ ಎಲ್ಲೋ ಒಂದು ಕಡೆ ಹರಿಯುತ್ತದೆ. ಅದಕ್ಕೆ ಯುಟಿಎಂ ಅನ್ನುವ ಪದ್ಧತಿಯಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳುತ್ತಾರೆ. 43ನೇ ಪಟ್ಟಿ ಪೂರ್ವ ರೇಖಾಂಶ 78 ಡಿಗ್ರಿಗೆ ಮುಗಿಯುತ್ತದೆ. ಅಲ್ಲಿಂದ 44ನೇ ಪಟ್ಟಿ. ಈ 78 ಡಿಗ್ರಿ ಗೆರೆ ಹಾದು ಹೋಗುವುದು ಮಾಲೂರು ಮತ್ತು ಕೋಲಾರ ಪಟ್ಟಣಗಳ ನಡುವೆ. ಮಾಲೂರು 43ರಲ್ಲಿ. ಕೋಲಾರ, ಬಂಗಾರಪೇಟೆ, ಕೆಜಿಎಫ್, ಮುಳಬಾಗಿಲು, ಶ್ರೀನಿವಾಸಪುರ 44ರಲ್ಲಿ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಓಡಾಡುವ ಕೆಜಿಎಫ್ ಜನ ದಿನಕ್ಕೆ ಎರಡು ಸಲ ಈ ಗೆರೆ ದಾಟುತ್ತಾರೆ.

ಇದರಿಂದ ಆಗುವುದೇನು? ಪ್ರತಿ ಪಟ್ಟಿಯಲ್ಲೂ ಎಣಿಕೆ ಬೇರೆ. ಮಾಲೂರಿನ ಒಂದು ಬಾಂದು ಕಲ್ಲು, ಅಂದರೆ ಗಡಿ ಕಲ್ಲು, ಎಷ್ಟು ಪೂರ್ವಕ್ಕಿದೆ ಅನ್ನುವ ಅಂಕಿ 8 ಲಕ್ಷ ಮೀಟರ್ ದಾಟಿರುತ್ತದೆ. ಕೋಲಾರದ ಕಲ್ಲಿನದು 2 ಲಕ್ಷದ ಒಳಗೇ. ಮಾಲೂರಿನ ಅಂಕಿಯನ್ನು ಮರೆತು 44ನೇ ಪಟ್ಟಿಗೆ ಹಾಕಿದರೆ ಆ ಹೊಲ ಕಂಪ್ಯೂಟರಿನಲ್ಲಿ ಬಂಗಾಳ ಕೊಲ್ಲಿಯ ನೀರಿನ ಮೇಲೆ ಹೋಗಿ ಕೂರುತ್ತದೆ. ಈ ತಪ್ಪು ಕಣ್ಣಿಗೆ ಕಾಣುತ್ತದೆ. ಹಾಗಾಗಿ ಅಪಾಯ ಕಡಿಮೆ.

ಕಾಣದ ತಪ್ಪೇ ಕೆಟ್ಟದ್ದು. ಪಟ್ಟಿಯ ನಡುವೆ ಅಳತೆ ಸ್ವಲ್ಪ ಕುಗ್ಗುತ್ತದೆ, ಅಂಚಿನಲ್ಲಿ ಹಿಗ್ಗುತ್ತದೆ. ನಾವು ಇರುವುದು ಎರಡು ಪಟ್ಟಿಗಳ ಅಂಚಿನಲ್ಲಿ. ಇಲ್ಲಿ ನೆಲದ ಮೇಲೆ ಟೇಪು ಹಿಡಿದು ಅಳೆದ 1 ಕಿಲೋಮೀಟರ್, ಯುಟಿಎಂ ಅಂಕಿಯಿಂದ ಲೆಕ್ಕ ಹಾಕಿದರೆ ಅರ್ಧ ಮೀಟರಿಗಿಂತ ಜಾಸ್ತಿ ಉದ್ದ ಬರುತ್ತದೆ. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ, ಅದನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ. ವಿಸ್ತೀರ್ಣಕ್ಕೆ ಇಳಿಸಿದರೆ 10 ಎಕರೆಗೆ ಸುಮಾರು 600 ಚದರ ಅಡಿ. ಅಂದರೆ ಒಂದು 30-40 ಸೈಟಿನ ಅರ್ಧ. ಕಾಗದದಲ್ಲಿ ಇದೆ, ನೆಲದಲ್ಲಿ ಇಲ್ಲ. ನರಸಾಪುರದ ಸುತ್ತ ಇವತ್ತಿನ ಬೆಲೆಗೆ ಅರ್ಧ ಸೈಟು ಅಂದರೆ ಏನು ಅಂತ ನಿಮಗೇ ಗೊತ್ತು. ರೋವರ್ ತಪ್ಪಿಲ್ಲ, ಹುಡುಗ ಮೋಸ ಮಾಡಿಲ್ಲ. ಯಾವ ಅಂಕಿಯನ್ನು ನೆಲಕ್ಕೆ ಹೇಗೆ ಇಳಿಸಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ಎತ್ತರದ ಕಥೆಯೂ ಹೀಗೇ. ಜಿಪಿಎಸ್ ಕೊಡುವ ಎತ್ತರಕ್ಕೂ ಸಮುದ್ರ ಮಟ್ಟದಿಂದ ಅಳೆದ ಎತ್ತರಕ್ಕೂ ನಮ್ಮ ಕಡೆ 80 ಮೀಟರಿಗೂ ಜಾಸ್ತಿ ವ್ಯತ್ಯಾಸ ಇದೆ. ಈ ವ್ಯತ್ಯಾಸ ಊರಿಂದ ಊರಿಗೆ ನಿಧಾನವಾಗಿ ಬದಲಾಗುತ್ತದೆ. ನೀರು ಹರಿಯುವುದು ಗುರುತ್ವದ ಮಾತು ಕೇಳಿ, ಜಿಪಿಎಸ್ ಮಾತು ಕೇಳಿ ಅಲ್ಲ. 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಒಂದು ಕೆರೆ ತುಂಬಿ ಕೋಡಿ ಹರಿದು ಇನ್ನೊಂದಕ್ಕೆ ಹೋಗಬೇಕು. ಅಲ್ಲಿ ಎತ್ತರದ ಲೆಕ್ಕ ಒಂದು ಗೇಣು ತಪ್ಪಿದರೂ ನೀರು ನಿಂತುಬಿಡುತ್ತದೆ.

ಇದನ್ನೆಲ್ಲ ಕಲಿಸುವ ಶಾಸ್ತ್ರಕ್ಕೆ ಜಿಯೊಡೆಸಿ ಅನ್ನುತ್ತಾರೆ. ನಮ್ಮ ಸಿವಿಲ್ ಓದಿನಲ್ಲಿ ಸರ್ವೆಗೆ ಒಂದೆರಡು ಪೇಪರು, ಒಂದು ಲ್ಯಾಬು, ಆಮೇಲೆ ಸರ್ವೆ ಕ್ಯಾಂಪು. ಕ್ಯಾಂಪಿನಲ್ಲಿ ಹೊಸ ಕೆರೆ, ಹಳೆ ಕೆರೆ, ರಸ್ತೆ, ಕುಡಿಯುವ ನೀರು ಅಂತ ನಾಲ್ಕು ಕೆಲಸ ಮಾಡಿಸುತ್ತಾರೆ. ಅದು ಚೆನ್ನಾಗಿಯೇ ಇದೆ. ಆದರೆ ಜಿಯೊಡೆಸಿ ಅದರಲ್ಲಿ ಹೆಸರಿಗೆ ಮಾತ್ರ. ಒಳ್ಳೆ ಎಂಎಸ್ಸಿ ತುಂಬಿಕೊಡುವುದು ಈ ಜಾಗವನ್ನು. ಯಂತ್ರದ ಗುಂಡಿ ಒತ್ತುವುದನ್ನು ಕಂಪನಿಯವರು ಎರಡು ದಿನದಲ್ಲಿ ಹೇಳಿಕೊಡುತ್ತಾರೆ. ಅದಕ್ಕಾಗಿ ಯಾರೂ ಸಮುದ್ರ ದಾಟಬೇಕಾಗಿಲ್ಲ.

ಈ 78 ಡಿಗ್ರಿ ಗೆರೆಗೆ ಇನ್ನೊಂದು ಹಿರಿಮೆ ಇದೆ. ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್ 10ರಂದು ಮದ್ರಾಸಿನಲ್ಲಿ ಶುರು ಮಾಡಿದ ದೊಡ್ಡ ತ್ರಿಕೋನ ಸರ್ವೆಯ ಬೆನ್ನೆಲುಬು ಇದೇ ಗೆರೆಯ ಆಸುಪಾಸಿನಲ್ಲಿ, ಕನ್ಯಾಕುಮಾರಿ ಕಡೆಯಿಂದ ಹಿಮಾಲಯದ ತಪ್ಪಲಿನವರೆಗೆ ಹೋಯಿತು. ಲ್ಯಾಂಬ್ಟನ್ ಜೊತೆ ಕೆಲಸ ಮಾಡಿದ ಲೆಫ್ಟಿನೆಂಟ್ ಜಾನ್ ವಾರನ್ ಅದೇ 1802ರಲ್ಲಿ ಮೈಸೂರಿನ ಪೂರ್ವ ಗಡಿ ಅಳೆಯಲು ನಮ್ಮ ಕಡೆ ಬಂದಿದ್ದ. ಊರಿನವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕೇಳಿ, ಮಾಡಿಸಿ ನೋಡಿ, ಬರೆದಿಟ್ಟ. ಮುಂದೆ ಕೆಜಿಎಫ್ ಆದದ್ದು ಆ ಜಾಗವೇ. ಅಳೆಯಲು ಬಂದವನ ಟಿಪ್ಪಣಿಯಿಂದ ಶುರುವಾದ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದು 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಅಷ್ಟು ಆಳದ ಕತ್ತಲಲ್ಲಿ ಎರಡು ಸುರಂಗ ಒಂದಕ್ಕೊಂದು ಸೇರಬೇಕಾದರೆ ಮೇಲಿನ ದಿಕ್ಕನ್ನು ತಂತಿ ಇಳಿಬಿಟ್ಟು ಕೆಳಗೆ ಒಯ್ಯಬೇಕಿತ್ತು. ಆ ಕೆಲಸ ಮಾಡಿದ ಗಣಿ ಸರ್ವೇಯರುಗಳ ಮೊಮ್ಮಕ್ಕಳು ಇವತ್ತೂ ಕೆಜಿಎಫ್‌ನಲ್ಲಿ ಇದ್ದಾರೆ. ವಿದ್ಯೆ ನಮ್ಮ ಮಣ್ಣಿಗೆ ಹೊಸದಲ್ಲ.

ಲೈಸೆನ್ಸ್ ಅನ್ನುವ ಬಾಗಿಲು

ಎರಡನೇ ವಿದ್ಯೆಗೆ ಬರೋಣ. ಹುಡುಗರು ಎಡವುವುದು ಇಲ್ಲೇ ಜಾಸ್ತಿ.

ಮುಳಬಾಗಿಲಿನ ಹುಡುಗಿ ಹೇಳಿದ್ದು ಹೀಗೆ. "ಅಣ್ಣ, ಆಸ್ಟ್ರೇಲಿಯಾದಲ್ಲಿ ಸರ್ವೇಯರುಗಳು ಸಾಕಾಗ್ತಿಲ್ಲವಂತೆ. ಮಾಸ್ಟರ್ಸ್ ಮಾಡಿದರೆ ಲೈಸೆನ್ಸ್ ಸರ್ವೇಯರ್ ಆಗಬಹುದಂತೆ."

ಅರ್ಧ ನಿಜ. ಆಸ್ಟ್ರೇಲಿಯಾದಲ್ಲಿ ಸರ್ವೇಯರ್ ಕೆಲಸಕ್ಕೆ ಬೆಲೆ ಇದೆ. ಯಾಕೆ ಅಂದರೆ ಅಲ್ಲಿನ ಭೂಮಿ ಕಾನೂನು ಬೇರೆ ಥರ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ ತಂದ ಪದ್ಧತಿ ಪ್ರಕಾರ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರು ಇದೆಯೋ ಅವರೇ ಮಾಲೀಕರು. ಅದಕ್ಕೆ ಸರ್ಕಾರವೇ ಖಾತರಿ. ನಮ್ಮಲ್ಲಿ ಹಾಗಿಲ್ಲ. 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಆಗುವುದು ಪತ್ರ, ಮಾಲೀಕತ್ವ ಅಲ್ಲ. ಪಹಣಿ ಕಂದಾಯದ ದಾಖಲೆ. ಅದೊಂದೇ ಹಕ್ಕಿಗೆ ಕೊನೆಯ ಸಾಕ್ಷಿ ಅಲ್ಲ. ಸರ್ಕಾರ ಖಾತರಿ ಕೊಡುವ ಕಡೆ ಗಡಿ ಹಾಕುವವನ ಸಹಿಗೆ ತೂಕ ಜಾಸ್ತಿ. ಆದ್ದರಿಂದ ಪ್ರತಿ ರಾಜ್ಯಕ್ಕೂ ಒಂದು ಸರ್ವೇಯರ್ ಮಂಡಳಿ ಇದೆ. ಅದು ಒಪ್ಪಿದ ಸರ್ವೆ ಪದವಿ ಬೇಕು. ಆಮೇಲೆ ಲೈಸೆನ್ಸ್ ಇರುವವರ ಕೈ ಕೆಳಗೆ ದುಡಿಯಬೇಕು. ಆಮೇಲೆ ಪರೀಕ್ಷೆ. ಜಿಯೊಸ್ಪೇಶಿಯಲ್ ಸೈನ್ಸ್ ಅನ್ನುವ ಹೆಸರಿನ ಮಾಸ್ಟರ್ಸ್ ಮಾಡಿದ ಮಾತ್ರಕ್ಕೆ ಈ ಬಾಗಿಲು ತೆಗೆಯಲ್ಲ. ಎಷ್ಟೋ ಮಾಸ್ಟರ್ಸ್ ಇರುವುದು ನಕ್ಷೆ, ದತ್ತಾಂಶ, ಉಪಗ್ರಹ ಚಿತ್ರದ ಕೆಲಸಕ್ಕೆ. ಅದೂ ಒಳ್ಳೆ ಕೆಲಸವೇ. ಆದರೆ ಗಡಿ ಕಲ್ಲು ಹಾಕುವ ಅಧಿಕಾರ ಅದರಿಂದ ಬರಲ್ಲ.

ಅಮೆರಿಕದಲ್ಲೂ ಲೈಸೆನ್ಸ್ ಕೊಡುವುದು ಆಯಾ ರಾಜ್ಯ, ಅದಕ್ಕೆ ಪರೀಕ್ಷೆಗಳು ಬೇರೆ. ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ಸಂಘ. ಜರ್ಮನಿಯಲ್ಲಿ ಸರ್ಕಾರ ನೇಮಿಸುವ ಗಡಿ ಸರ್ವೇಯರ್ ಆಗಲು ಪದವಿಯ ಮೇಲೆ ಸರ್ಕಾರಿ ತರಬೇತಿ, ಪರೀಕ್ಷೆ ಬೇಕು. ಎಲ್ಲವೂ ಜರ್ಮನ್ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಎಂಎಸ್ಸಿ ಮಾಡಿ ಬಂದವರು ಅಲ್ಲಿ ಹೋಗುವುದು ವಾಹನ, ನ್ಯಾವಿಗೇಷನ್, ಉಪಗ್ರಹ, ಸಾಫ್ಟ್‌ವೇರ್ ಕಂಪನಿಗಳ ಕಡೆಗೆ. ಬ್ರಿಟನ್ ಮಾತ್ರ ಇದಕ್ಕೆ ಉಲ್ಟಾ. ಇಂಗ್ಲೆಂಡ್, ವೇಲ್ಸಿನ ಲ್ಯಾಂಡ್ ರಿಜಿಸ್ಟ್ರಿ ನಕ್ಷೆಯ ಗೆರೆ ಸಾಮಾನ್ಯವಾಗಿ ಗಡಿ ಎಲ್ಲೋ ಈ ಸುತ್ತಮುತ್ತ ಇದೆ ಅಂತ ತೋರಿಸುತ್ತದೆಯೇ ಹೊರತು ಇಂಥ ಕಲ್ಲಿನ ಮೇಲೇ ಇದೆ ಅಂತ ಹೇಳಲ್ಲ. ಹಾಗಾಗಿ ಗಡಿ ಸರ್ವೇಯರ್ ಲೈಸೆನ್ಸ್ ಅನ್ನುವುದೇ ಅಲ್ಲಿ ಇಲ್ಲ.

ಆದ್ದರಿಂದ ಲೈಸೆನ್ಸ್ ಆಸೆ ಇದ್ದವರು ವಿಶ್ವವಿದ್ಯಾಲಯಕ್ಕೆ ಒಂದೇ ಒಂದು ಮಿಂಚಂಚೆ ಬರೆಯಿರಿ. ಈ ಪದವಿಯನ್ನು ನಿಮ್ಮ ರಾಜ್ಯದ ಸರ್ವೇಯರ್ ಮಂಡಳಿ ಒಪ್ಪುತ್ತದೆಯಾ, ಒಪ್ಪದಿದ್ದರೆ ಇನ್ನೇನು ಓದಬೇಕು ಅಂತ ಕೇಳಿ. ಅದೇ ಪ್ರಶ್ನೆಯನ್ನು ಮಂಡಳಿಗೂ ಕಳಿಸಿ. ಇದನ್ನು ಬೆಂಗಳೂರಿನ ಏಜೆಂಟರನ್ನು ಕೇಳಬೇಡಿ. ಅವರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ತುಂಬಾ ಜನರಿಗೆ ಸಂಬಳ ಬರುವುದು ನೀವು ಸೀಟು ತಗೊಂಡಾಗ, ಲೈಸೆನ್ಸ್ ತಗೊಂಡಾಗ ಅಲ್ಲ.

ನಮ್ಮ ಟಿಪ್ಪಣಿಗೆ ಬೇಕಾದ ವಿದ್ಯೆ

ಹಾಗಾದರೆ ಗಡಿಯ ವಿದ್ಯೆಯನ್ನು ಹೊರಗೆ ಹೋಗಿ ಕಲಿಯುವುದೇ ದಂಡವಾ? ಅಲ್ಲ. ಇಲ್ಲಿ ನನ್ನ ಮನೆಯ ಒಂದು ವಿಷಯ ಹೇಳಬೇಕು.

ನಮ್ಮ ತಂದೆಯ ಹೊಲ ಇರುವುದು ಮುಳಬಾಗಿಲು ಕಡೆ. 2 ಎಕರೆ 10 ಗುಂಟೆ. ಪಕ್ಕದವರು ನಮಗೆ ದೊಡ್ಡಪ್ಪ ಆಗಬೇಕು. ಒಂದು ಸಲ ಹದ್ದುಬಸ್ತು ಮಾಡಿಸಿದೆವು, ಕಲ್ಲು ಹಾಕಿದರು. ನಾಲ್ಕು ವರ್ಷ ಆದ ಮೇಲೆ ದೊಡ್ಡಪ್ಪ ಇನ್ನೊಂದು ಸಲ ಮಾಡಿಸಿದರು. ಕಲ್ಲು ಐದು ಅಡಿ ಈಚೆ ಬಂತು. ಎರಡು ಸಲವೂ ಅಳೆದವರು ಪ್ರಾಮಾಣಿಕರೇ. ಆದರೆ ಮೊದಲನೆಯವರು ಒಂದು ಮೂಲೆ ಕಲ್ಲಿನಿಂದ ಎಳೆದಿದ್ದರು, ಎರಡನೆಯವರು ಇನ್ನೊಂದರಿಂದ. ಅದನ್ನು ಯಾರೂ ನಮಗೆ ಕೂರಿಸಿ ಬಿಡಿಸಿ ಹೇಳಲಿಲ್ಲ. ದೊಡ್ಡಪ್ಪ ಒಂಬತ್ತು ವರ್ಷ ನಮ್ಮ ಮನೆ ಬಾಗಿಲಿಗೆ ಬರಲಿಲ್ಲ. ತಂದೆ ತೀರಿಕೊಂಡಾಗ ಬಂದರು. ಬಂದು ಅತ್ತರು.

ಹೀಗೆ ಯಾಕೆ ಆಗುತ್ತದೆ? ನಮ್ಮ ಹಳೆ ಮೈಸೂರಿನ ಹೊಲಗಳನ್ನು ಮೊದಲು ಕ್ರಮವಾಗಿ ಅಳೆಯಲು ಶುರು ಮಾಡಿದ್ದು 1860ರ ದಶಕದಲ್ಲಿ. ಕಬ್ಬಿಣದ ಚೈನು, 33 ಅಡಿ ಉದ್ದ, ಅದಕ್ಕೆ 16 ಆಣೆ. ಒಂದು ಆಣೆ ಅಂದರೆ ಎರಡು ಅಡಿಗಿಂತ ತುಸು ಜಾಸ್ತಿ. 33 ಅಡಿಗೆ 33 ಅಡಿ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಟಿಪ್ಪಣಿಯಲ್ಲಿ, ಅಂದರೆ ಹೊಲದ ಹಳೆ ಸರ್ವೆ ದಾಖಲೆಯಲ್ಲಿ, ಇರುವುದು ಚೈನು ಆಣೆ ಲೆಕ್ಕವೇ. ಆ ಕಾಲಕ್ಕೆ ಅದು ಕಂದಾಯ ಹಾಕಲು ಮಾಡಿದ ಅಳತೆ. ಎರಡಡಿ ಆಚೀಚೆ ಆದರೆ ಯಾರಿಗೂ ನಷ್ಟ ಇರಲಿಲ್ಲ. ಈಗ ಅದೇ ಟಿಪ್ಪಣಿ ಪಕ್ಕ 2-3 ಸೆಂಟಿಮೀಟರ್ ನಿಖರತೆಯ ರೋವರ್ ಬಂದು ನಿಂತಿದೆ. ರೋವರ್ ಈ ಕಲ್ಲು ಎಲ್ಲಿದೆ ಅಂತ ಹೇಳುತ್ತದೆ. ಈ ಕಲ್ಲು ಇಲ್ಲೇ ಇರಬೇಕಿತ್ತಾ ಅಂತ ಹೇಳಲ್ಲ. ಅದನ್ನು ಹೇಳಲು ಟಿಪ್ಪಣಿ, ವಿಸ್ತೀರ್ಣ ಮತ್ತು ಕಂದಾಯ ಬರೆದಿಟ್ಟ ಆಕಾರಬಂದ್, ಗ್ರಾಮ ನಕ್ಷೆ, ನೆಲ ಯಾರ ಸ್ವಾಧೀನದಲ್ಲಿದೆ ಅನ್ನುವ ಅನುಭವ, ಊರಿನ ಹಿರಿಯರ ನೆನಪು ಎಲ್ಲವನ್ನೂ ಎದುರಿಗೆ ಇಟ್ಟುಕೊಂಡು ಕೂರಬೇಕು.

ಚೈನಿನ ದಾಖಲೆಯಿಂದ ಉಪಗ್ರಹದ ದಾಖಲೆಗೆ ಹೋಗುವಾಗ ಜಗಳ ಹೆಚ್ಚದಂತೆ ಹೇಗೆ ಹೋಗಬೇಕು? ಇದಕ್ಕೂ ಒಂದು ಓದು ಇದೆ. ಭೂ ಆಡಳಿತ ಅಂತ ಕರೆಯುತ್ತಾರೆ. ಇದಕ್ಕೆ ಹೆಸರಾದ ಜಾಗ ನೆದರ್‌ಲ್ಯಾಂಡ್ಸಿನ ಎನ್‌ಶೆಡೆ ಊರಿನಲ್ಲಿರುವ ಐಟಿಸಿ. ಆ ದೇಶದ ಪ್ರಧಾನಿಯಾಗಿದ್ದ ವಿಲೆಂ ಶೆರ್ಮರ್‌ಹಾರ್ನ್ 1950ರಲ್ಲಿ ಕಟ್ಟಿದ ಸಂಸ್ಥೆ ಅದು. ಅವರೂ ಮೂಲತಃ ಸರ್ವೆಯ ಮೇಷ್ಟ್ರೇ. 2010ರಿಂದ ಅದು ಟ್ವೆಂಟೆ ವಿಶ್ವವಿದ್ಯಾಲಯದ ಭಾಗ. ಏಷ್ಯಾ, ಆಫ್ರಿಕಾದ ಸರ್ವೇಯರುಗಳಿಗೆ ಅಂತಲೇ ಶುರುವಾದ ಜಾಗ ಆದ್ದರಿಂದ ನಮ್ಮಂಥ ದೇಶಗಳ ತೊಡಕು ಅಲ್ಲಿನ ಮೇಷ್ಟ್ರುಗಳಿಗೆ ಗೊತ್ತು. ಉಪಗ್ರಹ ಚಿತ್ರದ ವಿದ್ಯೆ ಕಲಿಸುವ ಡೆಹ್ರಾಡೂನಿನ ಐಐಆರ್‌ಎಸ್ 1966ರಲ್ಲಿ ಶುರುವಾದದ್ದೂ ಇದೇ ಸಂಸ್ಥೆಯ ಕೈಜೋಡಣೆಯಿಂದ. ನಮ್ಮ ಜಿಲ್ಲೆಯಿಂದ ನಾಲ್ಕೇ ನಾಲ್ಕು ಜನ ಈ ಓದು ಓದಿ ಬಂದರೂ ನಮಗೆ ಅದು ದೊಡ್ಡ ಆಸ್ತಿ ಅಂತ ನನ್ನ ನಂಬಿಕೆ.

ಆದರೆ ಬಂದವರಿಗೆ ಇಲ್ಲಿ ಕೆಲಸ? ಇದನ್ನು ಮುಚ್ಚಿಟ್ಟರೆ ಅನ್ಯಾಯ ಆಗುತ್ತದೆ. ಸರ್ಕಾರಿ ಭೂಮಾಪಕರ ಹುದ್ದೆಗೆ ವಿದೇಶಿ ಮಾಸ್ಟರ್ಸ್ ಬೇಕಿಲ್ಲ, ಇದ್ದರೂ ಸಂಬಳ ಜಾಸ್ತಿ ಆಗಲ್ಲ. ಪರವಾನಗಿ ಭೂಮಾಪಕರಿಗೂ ಅಷ್ಟೇ. ವಾಪಸ್ ಬಂದವರಿಗೆ ದಾರಿ ಇರುವುದು ಬೆಂಗಳೂರಿನ ನಕ್ಷೆ ಕಂಪನಿ, ಡ್ರೋನ್ ಕಂಪನಿ, ಸಲಹಾ ಸಂಸ್ಥೆಗಳಲ್ಲಿ, ಇಲ್ಲವೇ ಪಾಠ ಹೇಳುವುದರಲ್ಲಿ. ಇಲಾಖೆ ರೋವರ್ ಕೊಳ್ಳಲು ಮನಸ್ಸು ಮಾಡಿದಷ್ಟೇ ರೋವರಿನ ಹಿಂದಿನ ಓದಿಗೂ ಮನಸ್ಸು ಮಾಡಿದರೆ, ಓದಿ ಬಂದವರಿಗೆ ಜಿಲ್ಲಾ ಮಟ್ಟದಲ್ಲಾದರೂ ಒಂದು ಕುರ್ಚಿ ಹಾಕಿದರೆ, ನಮ್ಮ ಮಕ್ಕಳು ಊರು ಬಿಟ್ಟು ಹೋಗಿಯೂ ಊರಿಗೆ ದಕ್ಕುತ್ತಾರೆ.

ಹಣದ ಮಾತು

ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸು ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಸ್ಟಟ್‌ಗಾರ್ಟ್ ವಿಶ್ವವಿದ್ಯಾಲಯದಲ್ಲಿ ಜಿಯೊಮ್ಯಾಟಿಕ್ಸ್ ಎಂಜಿನಿಯರಿಂಗ್ ಇಂಗ್ಲಿಷಿನಲ್ಲೇ ಇದೆ, ನಾಲ್ಕು ಸೆಮಿಸ್ಟರು. ಆದರೆ ಆ ರಾಜ್ಯದಲ್ಲಿ 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಮಾಸ್ಟರ್ಸಿಗೆ ಸೆಮಿಸ್ಟರಿಗೆ ಸಾಮಾನ್ಯವಾಗಿ 4,000ದಿಂದ 6,000 ಯೂರೊ ತಗೊಳ್ಳುತ್ತಿದೆ. ವೀಸಾಕ್ಕೆ ಮುಂಚೆ ಒಂದು ವರ್ಷದ ಊಟ ವಸತಿಯ ಹಣ ತಡೆಹಿಡಿದ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ. ಯೂರೊ 100 ರೂಪಾಯಿ ಆಸುಪಾಸಿನಲ್ಲಿ ಇದ್ದರೆ ಸುಮಾರು 12 ಲಕ್ಷ. ಇದು ನಿಮ್ಮದೇ ಹಣ, ತಿಂಗಳು ತಿಂಗಳು ವಾಪಸ್ ಬರುತ್ತದೆ. ಆದರೆ ಮೊದಲು ಕೈಯಲ್ಲಿ ಇರಬೇಕಲ್ಲ. 2022ರ ನವೆಂಬರಿನಿಂದ ನಮ್ಮ ಓದಿನ ದಾಖಲೆ ಅಸಲಿ ಅಂತ ಹೇಳುವ ಎಪಿಎಸ್ ಪ್ರಮಾಣ ಪತ್ರವೂ ಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ.

ಬ್ರಿಟನ್ನಿನಲ್ಲಿ ಓದಿದ ಮೇಲೆ ಎರಡು ವರ್ಷ ಇರಲು ಬಿಡುತ್ತಿದ್ದರು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳು. ಆಸ್ಟ್ರೇಲಿಯಾ ವಿದ್ಯಾರ್ಥಿ ವೀಸಾ ಅರ್ಜಿಗೇ 2,000 ಆಸ್ಟ್ರೇಲಿಯನ್ ಡಾಲರ್ ಆಗಿದೆ. ವೀಸಾ ಸಿಗದಿದ್ದರೂ ಅದು ವಾಪಸ್ ಇಲ್ಲ. ಈ ಅಂಕಿಗಳು ವರ್ಷ ವರ್ಷ ಬದಲಾಗುತ್ತವೆ, ಅರ್ಜಿ ಹಾಕುವ ದಿನ ಇನ್ನೊಮ್ಮೆ ನೋಡಿ.

ವಿದ್ಯಾರ್ಥಿವೇತನಗಳ ಬಗ್ಗೆ ನಮ್ಮ ಕಡೆ ಕೇಳುವವರೇ ಕಡಿಮೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ್ದು ಬೇರೆ ಇದೆ. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದ ಸಾಲ ಇದೆ. ಯುರೋಪಿನ ಎರಾಸ್ಮಸ್ ಮುಂಡಸ್ ಗೆದ್ದರೆ ಫೀಸೂ ಇಲ್ಲ, ತಿಂಗಳಿಗೆ 1,400 ಯೂರೊ ಕೈಗೆ ಬರುತ್ತದೆ. ನಕ್ಷೆಶಾಸ್ತ್ರಕ್ಕೆ ಮ್ಯೂನಿಕ್, ವಿಯೆನ್ನಾ, ಡ್ರೆಸ್ಡೆನ್, ಟ್ವೆಂಟೆ ನಾಲ್ಕು ಕಡೆ ಸೇರಿ ನಡೆಸುವ ಕೋರ್ಸು ಅದರಲ್ಲಿ ಇದೆ. ಸ್ಪರ್ಧೆ ಕಠಿಣ, ಆದರೆ ಅರ್ಜಿ ಹಾಕಲು ಯಾರ ಅಪ್ಪಣೆ ಬೇಕು?

ಹೊರಗೇ ಹೋಗಬೇಕು ಅಂತಲೂ ಇಲ್ಲ. 2022ರಿಂದ ಗೇಟ್ ಪರೀಕ್ಷೆಯಲ್ಲಿ ಜಿಯೊಮ್ಯಾಟಿಕ್ಸ್‌ಗೇ ಬೇರೆ ಪೇಪರ್ ಬಂದಿದೆ. ರೂರ್ಕಿ, ಬಾಂಬೆ, ಕಾನ್ಪುರ ಐಐಟಿಗಳಲ್ಲಿ ಎಂಟೆಕ್ ಇದೆ. ಗೇಟ್ ಮೂಲಕ ಹೋದವರಿಗೆ ತಿಂಗಳಿಗೆ 12,400 ರೂಪಾಯಿ ಕೊಡುತ್ತಾರೆ. ಗಣಿತ ಮಾತ್ರ ಬೇಕು, ಸಾಲ ಬೇಡ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಬ್ಯಾಂಕಿನ ವಿಷಯಕ್ಕೆ ಬಂದರೆ ನಮ್ಮ ರೈತ ಮನೆಗಳಿಗೆ ಒಂದು ತೊಡಕು ಇದೆ. 7.5 ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳಲ್ಲ. ಅದರ ಮೇಲೆ ಕೇಳುತ್ತಾರೆ. ಆಗ ಹೊಲ ತೋರಿಸಿದರೆ ಬಹಳ ಬ್ಯಾಂಕು ಒಪ್ಪಲ್ಲ. 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ತಾಗುವುದಿಲ್ಲ, ಸಾಲ ನಿಂತರೆ ಅವರು ಅದನ್ನು ಸುಲಭವಾಗಿ ಮಾರಲು ಆಗಲ್ಲ. ಮನೆ, ಸೈಟು ಕೇಳುತ್ತಾರೆ. ಅದು ಅಜ್ಜನ ಹೆಸರಿನಲ್ಲಿ ಇರುತ್ತದೆ, ಖಾತೆ ಆಗಿರಲ್ಲ. ಕೊನೆಗೆ ಮನೆಯವರು ಹೊಲದ ಒಂದು ತುಂಡು ಮಾರೋಣ ಅನ್ನುತ್ತಾರೆ. ಸರ್ವೆ ನಂಬರಿನ ಒಂದು ಭಾಗ ಮಾರಬೇಕಾದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಜಂಟಿ ಪಹಣಿ ಆದರೆ ಪೋಡಿ, ಅಂದರೆ ಅವರವರ ಭಾಗವನ್ನು ಅಳೆದು ಬೇರೆ ಮಾಡುವುದು, ಆಗಬೇಕು. ಇದಕ್ಕೆ ತಿಂಗಳುಗಟ್ಟಲೆ ಆಗಬಹುದು, ವೀಸಾ ತಾರೀಕು ಕಾಯಲ್ಲ. ಆಗ ಅವಸರಕ್ಕೆ ಹೆಚ್ಚಿನ ಬಡ್ಡಿಯ ಖಾಸಗಿ ಸಾಲಕ್ಕೆ ಕೈ ಒಡ್ಡುತ್ತಾರೆ. ಹೋಗುವ ಮನಸ್ಸು ಇದ್ದರೆ ಎರಡು ವರ್ಷ ಮುಂಚೆಯೇ ಖಾತೆ, ಪೋಡಿ ಮುಗಿಸಿ. ಹೊಲ ಮಾರಲು ಅಂತ ಅಲ್ಲ. ಮಾರುವ ಹಾಗೆ ಆಗದೆ ಇರಲಿ ಅಂತ.

ಅಕ್ಕನ ಮಗ ಬ್ರಿಟನ್ನಿನ ಸೀಟು ಬಿಟ್ಟ. ಜರ್ಮನಿಯದನ್ನು ಇಟ್ಟುಕೊಂಡಿದ್ದಾನೆ. ಮೂರು ವರ್ಷದ ಸಂಬಳದಲ್ಲಿ ಉಳಿಸಿದ್ದು ಸ್ವಲ್ಪ, ಅಡಮಾನ ಇಲ್ಲದ ಸಾಲ ಸ್ವಲ್ಪ. ಇನ್ನೂ ಸ್ವಲ್ಪ ಸಾಲದು. ಭಾವ 15 ಗುಂಟೆ ಕೊಡೋಣ ಅಂದರು, ನಾನು ಬೇಡ ಅಂದೆ, ಮನೆಯ ಖಾತೆ ಅಕ್ಕನ ಹೆಸರಿಗೆ ಮಾಡಿಸಿ ಬ್ಯಾಂಕಿಗೆ ಹೋಗೋಣ ಅಂದೆ. ಪೋಡಿಗೂ ಅರ್ಜಿ ಕೊಟ್ಟಾಗಿದೆ. ಮುಂದಿನ ಮಂಗಳವಾರ ಸರ್ವೇಯರ್ ಬರುತ್ತಾರೆ. ಅಕ್ಕಪಕ್ಕದವರಿಗೆಲ್ಲ ನೋಟಿಸು ಹೋಗಿದೆ. ಹುಡುಗ ಅವತ್ತಿಗೆ ರಜೆ ಹಾಕಿದ್ದಾನೆ. ಟಿಪ್ಪಣಿಯ ನಕಲು ತರಿಸಿಕೊಂಡು, ಚೈನು ಆಣೆಗಳನ್ನು ಮೀಟರಿಗೆ ಇಳಿಸಿ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಾನೆ. ನಿನ್ನೆ ರಾತ್ರಿ ಫೋನು ಮಾಡಿ ಕೇಳಿದ: "ಮಾವ, ಈಶಾನ್ಯದ ಮೂಲೆ ಕಲ್ಲು ತಾತನ ಕಾಲದ್ದೇನಾ, ಇಲ್ಲ ಆಮೇಲೆ ಯಾರಾದರೂ ಹಾಕಿದ್ದಾ?"